ಅಕೌಂಟ್ ಹ್ಯಾಕ್ ಆದರೆ ತಪ್ಪು ಯಾರದು, ನಮ್ಮದಾ ಕಂಪನಿಯದಾ? (ಹಾಸನ–ಚಿಕ್ಕಮಗಳೂರು ಬಳಗ)

ಗಿರಿ_ಬದಿಯವ (ಚಿಕ್ಕಮಗಳೂರು)

ಯಾರದಾದರೂ ಅಕೌಂಟ್ ಹೋಯಿತು ಅಂದರೆ ಸಾಕು, ಮೊದಲ ಪ್ರಶ್ನೆ "ಪಾಸ್‌ವರ್ಡ್ ಏನಿಟ್ಟಿದ್ರಿ?" ಮೊನ್ನೆ ಈ ಬಳಗದಲ್ಲೇ ಒಬ್ಬರಿಗೆ ಹಾಗಾದಾಗ ಬಂದ ಉತ್ತರಗಳನ್ನು ತಿರುಗಿ ಓದಿ. ಎಲ್ಲರೂ ಬೈದದ್ದು ಅವರನ್ನೇ. ಅತ್ತ ಕಂಪನಿ ಏನು ಮಾಡುತ್ತಿತ್ತು ಅಂತ ಕೇಳಿದವರೇ ಇಲ್ಲ.

ಅಮೆರಿಕದ ಟ್ವೆಂಟಿಥ್ರೀ ಆಂಡ್ ಮಿ ಕಂಪನಿಯ ವಿಷಯ ಕೆಲವರಿಗೆ ಗೊತ್ತಿರಬಹುದು. ಎಂಜಲು ಕಳಿಸಿದರೆ ಡಿಎನ್‌ಎ ನೋಡಿ ನಿಮ್ಮ ಮೂಲ ಯಾವುದು, ನೆಂಟರು ಯಾರು ಅಂತ ಹೇಳುವವರು. 2023ರಲ್ಲಿ ಕಳ್ಳರು ಬೇರೆ ಸೈಟ್‌ಗಳಿಂದ ಸೋರಿದ್ದ ಪಾಸ್‌ವರ್ಡ್‌ಗಳನ್ನು ತಂದು ಅಲ್ಲಿ ಹಾಕಿ ನೋಡಿದರು. ಸುಮಾರು 14,000 ಅಕೌಂಟ್ ತೆರೆದುಕೊಂಡವು. ನೆಂಟರನ್ನು ತೋರಿಸುವ ಸೌಲಭ್ಯ ಇತ್ತಲ್ಲ, ಅದರಿಂದಾಗಿ ಸುಮಾರು 69 ಲಕ್ಷ ಜನರ ಮಾಹಿತಿ ಹೋಯಿತು. ಕೋರ್ಟಿಗೆ ಹೋದವರಿಗೆ ಕಂಪನಿಯ ವಕೀಲರು ಬರೆದ ಪತ್ರದಲ್ಲಿ ಏನಿತ್ತು ಗೊತ್ತಾ? ಬಳಕೆದಾರರು ಹಳೇ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದರು, ಬೇಜವಾಬ್ದಾರಿ ಅವರದು ಅಂತ.

14,000 ಜನರ ಮಟ್ಟಿಗೆ ಆ ಮಾತು ಇರಲಿ. ಮಿಕ್ಕ ಲಕ್ಷಾಂತರ ಜನ ಏನು ಮಾಡಿದ್ದರು? ನಿಮ್ಮ ಅಭಿಪ್ರಾಯ ಬರೆಯಿರಿ.

ನಿವೃತ್ತ_ಕ್ಯಾಷಿಯರ್ (ಹಾಸನ)

ನಾನು ಬ್ಯಾಂಕ್ ಕೌಂಟರ್‌ನಲ್ಲಿ ಕೂತಿದ್ದವನು. ಎಟಿಎಂ ಕಾರ್ಡಿನ ಕವರ್ ಮೇಲೆಯೇ ಪಿನ್ ಬರೆದಿಟ್ಟುಕೊಳ್ಳುವವರು, ಫೋನ್ ಬಂದ ತಕ್ಷಣ ಓಟಿಪಿ ಓದಿ ಹೇಳುವವರು, ಎಲ್ಲರನ್ನೂ ನೋಡಿದ್ದೇನೆ. ಗೋಡೆ ತುಂಬಾ ಪೋಸ್ಟರ್ ಹಚ್ಚಿದ್ದೆವು. ಅದರ ಕೆಳಗೇ ನಿಂತು ಓಟಿಪಿ ಹೇಳುತ್ತಿದ್ದರು. ಆಮೇಲೆ ನಮ್ಮ ಮೇಲೆ ಕೂಗಾಟ. ಕಂಪನಿಯದೇ ತಪ್ಪು ಅಂತ ಬರೆಯುವುದು ಸುಲಭ. ಜನರದ್ದೂ ಪಾಲಿದೆ, ದೊಡ್ಡ ಪಾಲೇ ಇದೆ.

ಆಲೂರು_ಕಾಫಿ

ಕ್ಯಾಷಿಯರ್ ಸಾರ್, ನಮ್ಮ ಕಡೆ ಆನೆ ತೋಟಕ್ಕೆ ನುಗ್ಗಿ ಕಾಫಿ ಗಿಡ ತುಳಿದರೆ ಅರಣ್ಯ ಇಲಾಖೆಯವರು ಬೇಲಿ ಯಾಕೆ ಗಟ್ಟಿ ಮಾಡಲಿಲ್ಲ ಅಂತ ಕೇಳಿ ವಾಪಸ್ ಹೋಗುವುದಿಲ್ಲ. ಅರ್ಜಿ ತೆಗೆದುಕೊಳ್ಳುತ್ತಾರೆ, ತಡವಾದರೂ ಪರಿಹಾರ ಕೊಡುತ್ತಾರೆ. ಒಬ್ಬ ಬೆಳೆಗಾರನ ಬೇಲಿಯಿಂದ ಆನೆ ನಿಲ್ಲುವುದಿಲ್ಲ ಅಂತ ಅವರಿಗೂ ಗೊತ್ತು. ಇಂಟರ್ನೆಟ್ ವಿಷಯದಲ್ಲಿ ಮಾತ್ರ ಎಲ್ಲ ನಮ್ಮ ಬೇಲಿಯದೇ ತಪ್ಪು.

ಸುಮ್ನೆ_ಬಂದೆ

ಆನೆ ಫೋನ್ ಮಾಡಿ "ಗೇಟ್ ತೆಗೀರಿ, ಕೆವೈಸಿ ಅಪ್‌ಡೇಟ್ ಮಾಡಬೇಕು" ಅನ್ನುವುದಿಲ್ಲ ಅಲ್ವಾ 😄

ಆಲೂರು_ಕಾಫಿ

ಅದೂ ಸರಿ. ನಕ್ಕುಬಿಟ್ಟೆ.

ಕೋಡ್_ಬರೆಯೋ_ಹಾಸನದವ (ಈಗ ಬೆಂಗಳೂರು)

ನಾನು ಲಾಗಿನ್ ಸಿಸ್ಟಂ ಕಟ್ಟುವ ಕೆಲಸದಲ್ಲೇ ಇರುವವನು. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪಾಸ್‌ವರ್ಡ್ ಆರಿಸುವುದು ಮಾತ್ರ ಬಳಕೆದಾರನ ಕೈಯಲ್ಲಿ. ಅದನ್ನು ಹೇಗೆ ಕೂಡಿಡಬೇಕು, ತಪ್ಪು ಪಾಸ್‌ವರ್ಡ್ ಎಷ್ಟು ಸಲ ಹಾಕಲು ಬಿಡಬೇಕು, ಸಾವಿರಾರು ಅಕೌಂಟ್‌ಗಳಿಗೆ ಒಟ್ಟಿಗೆ ಲಾಗಿನ್ ಪ್ರಯತ್ನ ಬಂದರೆ ಏನು ಮಾಡಬೇಕು, ಹೊಸ ಫೋನಿನಿಂದ ಬಂದವನನ್ನು ಇನ್ನೊಮ್ಮೆ ಕೇಳಬೇಕಾ, ಇದೆಲ್ಲ ಕಂಪನಿಯವರು ತೀರ್ಮಾನ ಮಾಡುವುದು. ಬಳಕೆದಾರನಿಗೆ ಅದು ಕಾಣುವುದೂ ಇಲ್ಲ.

ಲಿಂಕ್ಡ್‌ಇನ್ ನೋಡಿ. 2012ರಲ್ಲಿ ಅಲ್ಲಿಂದ ಪಾಸ್‌ವರ್ಡ್ ಸೋರಿತು. ಸುಲಭವಾಗಿ ಒಡೆಯಬಹುದಾದ ರೀತಿಯಲ್ಲಿ ಅವರು ಕೂಡಿಟ್ಟಿದ್ದರು. 2016ರಲ್ಲಿ 11 ಕೋಟಿಗೂ ಜಾಸ್ತಿ ಅಕೌಂಟ್‌ಗಳ ವಿವರ ಮಾರಾಟಕ್ಕೆ ಬಂತು. ಯಾಹೂದಲ್ಲಿ 2013ರಲ್ಲಿ ಕಳವಾಗಿದ್ದು 300 ಕೋಟಿ ಅಕೌಂಟ್‌ಗಳ ಮಾಹಿತಿ. ಅದು ಪೂರ್ತಿ ಗೊತ್ತಾಗಿದ್ದು 2017ರಲ್ಲಿ. ನಮ್ಮಲ್ಲಿ 2020ರಲ್ಲಿ ಬಿಗ್‌ಬ್ಯಾಸ್ಕೆಟ್‌ನಿಂದ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಹೋಯಿತು. ಗಿರಿ ಅವರು ಹೇಳಿದ ಕಳ್ಳರ ಕೈಗೆ ಸಿಕ್ಕಿದ ಹಳೇ ಪಾಸ್‌ವರ್ಡ್‌ಗಳು ಇಂಥ ಕಡೆಯಿಂದಲೇ ಬರುವುದು. ಒಂದು ಕಂಪನಿ ಸೋರಿಸುತ್ತದೆ. ಇನ್ನೊಂದು ಕಂಪನಿ ಆ ಸೋರಿದ ಪಾಸ್‌ವರ್ಡ್ ಹಿಡಿದು ಬಂದವನನ್ನು ಒಳಗೆ ಬಿಡುತ್ತದೆ. ಬೈಸಿಕೊಳ್ಳುವವನು ನಡುವೆ ಇರುವವನು.

ಇನ್ನೊಂದು ವಿಷಯ. 2021ರಲ್ಲಿ ಗೂಗಲ್ 15 ಕೋಟಿಗೂ ಜಾಸ್ತಿ ಅಕೌಂಟ್‌ಗಳಿಗೆ ಎರಡು ಹಂತದ ಪರಿಶೀಲನೆಯನ್ನು (ಪಾಸ್‌ವರ್ಡ್ ಹಾಕಿದ ಮೇಲೆ ಇನ್ನೊಮ್ಮೆ ಬೇರೆ ರೀತಿಯಲ್ಲಿ ಖಚಿತಪಡಿಸುವುದು) ತಾನಾಗಿಯೇ ಆನ್ ಮಾಡಿತು. ಆ ಅಕೌಂಟ್‌ಗಳಲ್ಲಿ ಹ್ಯಾಕ್ ಆಗುವುದು ಅರ್ಧದಷ್ಟು ಇಳಿಯಿತು ಅಂತ ಆಮೇಲೆ ಅವರೇ ಹೇಳಿದರು. ಆ ಜನ ಯಾರೂ ಬೆಳಗಾಗುವುದರೊಳಗೆ ಬುದ್ಧಿವಂತರಾಗಲಿಲ್ಲ. ಸೆಟ್ಟಿಂಗ್ ಬದಲಾಯಿತು, ಅಷ್ಟೇ. ಟ್ವೆಂಟಿಥ್ರೀ ಆಂಡ್ ಮಿ ಕೂಡ ಎಲ್ಲ ಹೋದ ಮೇಲೆ, 2023ರ ನವೆಂಬರ್‌ನಲ್ಲಿ ಅದನ್ನು ಕಡ್ಡಾಯ ಮಾಡಿತು. ಮೊದಲೇ ಮಾಡಬಹುದಿತ್ತು. ಲಾಗಿನ್ ಕಷ್ಟವಾದರೆ ಗ್ರಾಹಕ ಬಿಟ್ಟು ಹೋಗುತ್ತಾನೆ ಅನ್ನುವ ಭಯ ಎಲ್ಲ ಕಂಪನಿಗಳಿಗೂ ಇದೆ. ಮೀಟಿಂಗ್‌ಗಳಲ್ಲಿ ನಾನೇ ಕೂತು ಕೇಳಿದ್ದೇನೆ.

ನಿವೃತ್ತ_ಕ್ಯಾಷಿಯರ್ (ಹಾಸನ)

ಹಾಗಾದರೆ ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಅಂತ ನಾವು ಹೇಳುತ್ತಿದ್ದದ್ದು?

ಕೋಡ್_ಬರೆಯೋ_ಹಾಸನದವ

ಸಾರ್, ತಂತ್ರಜ್ಞಾನಕ್ಕೆ ಮಾನದಂಡ ಹೇಳುವ ಅಮೆರಿಕ ಸರ್ಕಾರದ ನಿಸ್ಟ್ ಸಂಸ್ಥೆ 2017ರಲ್ಲೇ ಅದನ್ನು ಬೇಡ ಅಂದಿತು. ಸುಮ್ಸುಮ್ನೆ ಬದಲಿಸಲು ಹೇಳಿದರೆ ಜನ ಕೊನೆಯ ಅಂಕಿ ಒಂದನ್ನು ಹೆಚ್ಚಿಸುತ್ತಾರೆ, ಹೆಸರು123 ಹೋಗಿ ಹೆಸರು124 ಆಗುತ್ತದೆ. ಪಾಸ್‌ವರ್ಡ್ ಉದ್ದ ಇರಲಿ, ಸೋರಿದ ಪಟ್ಟಿಯಲ್ಲಿ ಇದೆಯಾ ಅಂತ ಕಂಪನಿಯೇ ನೋಡಲಿ, ಸೋರಿದ ಸುಳಿವು ಸಿಕ್ಕರೆ ಮಾತ್ರ ಬದಲಿಸಲು ಹೇಳಲಿ ಅನ್ನುವುದು ಅದರ ಸಲಹೆ.

ಕಡೂರು_ಮೇಡಂ

ಶಾಲೆಯ ಕೆಲಸಕ್ಕೆ ಅಂತ ನನ್ನ ಫೋನಿನಲ್ಲಿ ಎಷ್ಟು ಆ್ಯಪ್ ಇವೆ ಅಂತ ನನಗೇ ಗೊತ್ತಿಲ್ಲ. ಹಾಜರಾತಿಗೊಂದು, ಬಿಸಿಯೂಟಕ್ಕೊಂದು, ತರಬೇತಿಗೊಂದು. ಒಂದೊಂದಕ್ಕೂ ಬೇರೆ ಪಾಸ್‌ವರ್ಡ್ ಇಡಿ ಅಂದರೆ ಯಾವ ಮನುಷ್ಯನ ತಲೆಯಲ್ಲಿ ನಿಲ್ಲುತ್ತದೆ? ಡೈರಿಯಲ್ಲಿ ಬರೆದಿಟ್ಟರೆ ಅದಕ್ಕೂ ಬೈಯುತ್ತಾರೆ.

ಕೋಡ್_ಬರೆಯೋ_ಹಾಸನದವ

ಮೇಡಂ, ಡೈರಿ ಮನೆಯ ಬೀರುವಿನಲ್ಲಿದ್ದರೆ ನಾನಂತೂ ಬೈಯುವುದಿಲ್ಲ. ಬೇರೆ ದೇಶದಲ್ಲಿ ಕೂತ ಕಳ್ಳ ಕಡೂರಿಗೆ ಬಂದು ಬೀರು ತೆಗೆಯುವುದಿಲ್ಲ. ಇನ್ನೂ ಸುಲಭ ಬೇಕಾದರೆ ಫೋನಿನಲ್ಲೇ ಇರುವ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಲಾಕ್ ತೆಗೆದೇ ಲಾಗಿನ್ ಆಗುವುದು) ಕೇಳುವ ಕಡೆ ಅದನ್ನೇ ಹಾಕಿಕೊಳ್ಳಿ. ನಕಲಿ ಸೈಟ್‌ಗೆ ಅದು ಕೆಲಸವನ್ನೇ ಮಾಡುವುದಿಲ್ಲ, ನೀವು ಮೋಸ ಹೋದರೂ ಅದು ಹೋಗುವುದಿಲ್ಲ.

ಅರಸೀಕೆರೆ_ವಕೀಲೆ

ತಪ್ಪು ಯಾರದು ಅನ್ನುವುದು ಒಂದು, ನಷ್ಟ ಯಾರು ಹೊರಬೇಕು ಅನ್ನುವುದು ಇನ್ನೊಂದು. ಬ್ಯಾಂಕ್ ಹಣದ ಮಟ್ಟಿಗೆ ಎರಡನೆಯದಕ್ಕೆ ಲಿಖಿತ ಉತ್ತರ ಇದೆ. ಎಷ್ಟೋ ಜನರಿಗೆ ಗೊತ್ತಿಲ್ಲ ಅನ್ನುವುದೇ ಬೇಸರ.

2017ರ ಜುಲೈ 6ರಂದು ಆರ್‌ಬಿಐ ಒಂದು ಸುತ್ತೋಲೆ ಹೊರಡಿಸಿತು. ಬ್ಯಾಂಕಿನ ಕಡೆಯ ಲೋಪದಿಂದ ಹಣ ಹೋದರೆ ಗ್ರಾಹಕನ ಹೊಣೆ ಸೊನ್ನೆ. ನೀವು ದೂರು ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ಬ್ಯಾಂಕೂ ಅಲ್ಲ, ನೀವೂ ಅಲ್ಲ, ನಡುವೆ ಎಲ್ಲೋ ಲೋಪವಾಗಿದೆ ಅಂದರೆ ಬ್ಯಾಂಕಿನ ಸಂದೇಶ ಬಂದ ಮೇಲೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೂ ಹೊಣೆ ಸೊನ್ನೆಯೇ. ನಾಲ್ಕರಿಂದ ಏಳು ದಿನ ಆದರೆ ಸಾಮಾನ್ಯ ಉಳಿತಾಯ ಖಾತೆಯವರಿಗೆ ಹೆಚ್ಚೆಂದರೆ 10,000 ರೂಪಾಯಿ, ಬೇಸಿಕ್ (ಕನಿಷ್ಠ ಬ್ಯಾಲೆನ್ಸ್ ಬೇಡದ) ಖಾತೆಯವರಿಗೆ 5,000. ಅದಕ್ಕಿಂತ ತಡವಾದರೆ ಆಯಾ ಬ್ಯಾಂಕಿನ ನೀತಿ. ನೀವೇ ಓಟಿಪಿ, ಪಿನ್ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಿಮ್ಮದು. ತಿಳಿಸಿದ ಮೇಲೂ ಹಣ ಹೋದರೆ ಅದು ಬ್ಯಾಂಕಿನದು.

ಕ್ಯಾಷಿಯರ್ ಸಾರ್ ಒಪ್ಪುತ್ತಾರೋ ಇಲ್ಲವೋ, ತಪ್ಪು ಗ್ರಾಹಕನದು ಅಂತ ಸಾಬೀತು ಮಾಡುವ ಹೊರೆ ಬ್ಯಾಂಕಿನ ಮೇಲಿದೆ. "ನೀವೇ ಓಟಿಪಿ ಕೊಟ್ಟಿರುತ್ತೀರಿ" ಅಂದುಬಿಟ್ಟರೆ ಮುಗಿಯುವುದಿಲ್ಲ. ದೂರು ಬಂದ ಹತ್ತು ಕೆಲಸದ ದಿನಗಳೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳೊಳಗೆ ತೀರ್ಮಾನಿಸಬೇಕು. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಕೌಂಟರ್‌ನಲ್ಲಿ ಬಾಯಿಮಾತಲ್ಲಿ ಹೇಳಿ ಬಂದಿರುತ್ತಾರೆ. ದೂರಿನ ನಂಬರ್ ಇಲ್ಲ, ಸೀಲ್ ಇಲ್ಲ. ಅಲ್ಲೇ ಕೇಸ್ ಅರ್ಧ ಸೋತ ಹಾಗೆ.

ನಿವೃತ್ತ_ಕ್ಯಾಷಿಯರ್ (ಹಾಸನ)

ಸುತ್ತೋಲೆ ನನಗೂ ಗೊತ್ತಮ್ಮ. ಒಪ್ಪುತ್ತೇನೆ. ಆದರೆ ಈಗ ಬರುವ ಮೋಸಗಳನ್ನು ನೋಡಿ. ಜನ ತಾವೇ ಯುಪಿಐ ಪಿನ್ ಒತ್ತಿ ಕಳಿಸುತ್ತಾರೆ. ಪೊಲೀಸ್ ವೇಷದವನು ವಿಡಿಯೊ ಕಾಲ್ ಮಾಡಿ ಹೆದರಿಸಿದ ಅಂತ ಎಫ್‌ಡಿ ಮುರಿಸಿ ಆರ್‌ಟಿಜಿಎಸ್ ಮಾಡುತ್ತಾರೆ. ನಿಮ್ಮ ಸುತ್ತೋಲೆಯಲ್ಲಿ ಅದು ಎಲ್ಲಿ ಬರುತ್ತದೆ?

ಅರಸೀಕೆರೆ_ವಕೀಲೆ

ಬರುವುದಿಲ್ಲ. ಅದೇ ದೊಡ್ಡ ತೂತು. ಅದು ಗ್ರಾಹಕನೇ ಒಪ್ಪಿ ಮಾಡಿದ ವ್ಯವಹಾರ ಅನ್ನುತ್ತಾರೆ. ಬ್ರಿಟನ್‌ನಲ್ಲಿ ಇದಕ್ಕೂ ದಾರಿ ಮಾಡಿದ್ದಾರೆ. 2024ರ ಅಕ್ಟೋಬರ್ 7ರಿಂದ ಮೋಸ ಹೋಗಿ ತಾನೇ ಕಳಿಸಿದ ಹಣವನ್ನೂ 85,000 ಪೌಂಡ್‌ವರೆಗೆ ಬ್ಯಾಂಕ್ ವಾಪಸ್ ಕೊಡಬೇಕು. ಕಳಿಸಿದ ಬ್ಯಾಂಕಿನದು ಅರ್ಧ, ಪಡೆದ ಬ್ಯಾಂಕಿನದು ಅರ್ಧ. ನನಗೆ ಇಷ್ಟವಾದದ್ದು ಆ ಎರಡನೇ ಅರ್ಧ. ಕಳ್ಳನಿಗೆ ಖಾತೆ ತೆರೆದುಕೊಟ್ಟ ಬ್ಯಾಂಕನ್ನು ನಮ್ಮಲ್ಲಿ ಯಾರೂ ಪ್ರಶ್ನೆ ಮಾಡುವುದಿಲ್ಲ. ಸಿಂಗಾಪುರದಲ್ಲಿ 2024ರ ಡಿಸೆಂಬರ್‌ನಿಂದ ನಕಲಿ ಲಿಂಕ್ ಮೋಸಗಳಿಗೆ ಹೊಣೆ ಹಂಚಿದ್ದಾರೆ. ಮೊದಲು ಬ್ಯಾಂಕ್ ತನ್ನ ಕರ್ತವ್ಯ ಮಾಡಿದೆಯಾ ಅಂತ ನೋಡುತ್ತಾರೆ, ಆಮೇಲೆ ಮೊಬೈಲ್ ಕಂಪನಿ. ಇಬ್ಬರೂ ಮಾಡಿದ್ದಾರೆ ಅಂದರೆ ಮಾತ್ರ ಗ್ರಾಹಕ ಹೊರಬೇಕು.

ಸುಮ್ನೆ_ಬಂದೆ

ಅಲ್ಲಿ ಹಾಗೆ ಮಾಡಿದರೆ ಜನ ಬೇಕಂತಲೇ ಅಜಾಗರೂಕರಾಗುವುದಿಲ್ವಾ? ಬ್ಯಾಂಕ್ ಕೊಡುತ್ತದೆ ಬಿಡು ಅಂತ?

ಅರಸೀಕೆರೆ_ವಕೀಲೆ

ಬ್ರಿಟನ್‌ನಲ್ಲಿ ತೀರಾ ಬೇಜವಾಬ್ದಾರಿಯಿಂದ ಕಳಿಸಿದವರಿಗೆ ಕೊಡದೆ ಇರಬಹುದು. ಆದರೆ ವಯಸ್ಸು, ಕಾಯಿಲೆ, ಕಷ್ಟ ಇಂಥ ಕಾರಣದಿಂದ ಸುಲಭವಾಗಿ ಮೋಸಕ್ಕೆ ಸಿಗುವವರ ಮೇಲೆ ಆ ನೆಪ ಹೇಳುವ ಹಾಗಿಲ್ಲ. ಎಫ್‌ಡಿ ಕಳೆದುಕೊಂಡು ಬಂದು ಕೂತ ಹಿರಿಯರನ್ನು ಒಮ್ಮೆ ನೋಡಿ, ಆಮೇಲೆ "ಬೇಕಂತಲೇ" ಅನ್ನುವ ಮಾತು ಬರುವುದಿಲ್ಲ.

ಮಳೆ_ಕೊಪ್ಪ

ಎಲ್ಲರೂ ಓಟಿಪಿ, ಮೆಸೇಜು ಅಂತೀರಿ. ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ. ಗದ್ದೆ ದಾಟಿ ರಸ್ತೆ ತಿರುವಿಗೆ ಬಂದರೆ ಎರಡು ಕಡ್ಡಿ. ಆಷಾಢದ ಮಳೆಯಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಹಣ ಹೋದ ಮೆಸೇಜ್ ನನಗೆ ಬರುವುದು ಪೇಟೆಗೆ ಇಳಿದಾಗ. ಮೂರು ದಿನ ಅಂತ ಯಾವ ಲೆಕ್ಕದಲ್ಲಿ ಎಣಿಸುತ್ತಾರೆ?

ಅರಸೀಕೆರೆ_ವಕೀಲೆ

ಒಳ್ಳೇ ಪ್ರಶ್ನೆ. ಸುತ್ತೋಲೆಯಲ್ಲಿ ಇರುವುದು ಬ್ಯಾಂಕಿನ ಸಂದೇಶ ಗ್ರಾಹಕನಿಗೆ ಸಿಕ್ಕ ಮೇಲಿನ ಮೂರು ಕೆಲಸದ ದಿನ. ಸಿಕ್ಕ ದಿನವನ್ನೇ ಎಣಿಕೆಯಿಂದ ಬಿಡಬೇಕು. ಮೆಸೇಜ್ ಯಾವಾಗ ತಲುಪಿತು ಅನ್ನುವ ದಿನಾಂಕ, ಸಮಯ ಬ್ಯಾಂಕಿನ ವ್ಯವಸ್ಥೆಯಲ್ಲಿ ದಾಖಲಾಗಬೇಕು ಅಂತಲೂ ಬರೆದಿದ್ದಾರೆ. ಹಾಗಾಗಿ ನಿಮಗೆ ತಡವಾಗಿ ತಲುಪಿದ್ದರೆ ಆ ದಾಖಲೆ ತೋರಿಸಿ ಅಂತ ಬರಹದಲ್ಲಿ ಕೇಳಿ.

ಮಳೆ_ಕೊಪ್ಪ

ಇದು ಗೊತ್ತೇ ಇರಲಿಲ್ಲ. ಥ್ಯಾಂಕ್ಸ್ ಮೇಡಂ. ಅಂದ ಹಾಗೆ ಸಿಮ್ ವಿಷಯವನ್ನೂ ಯಾರಾದರೂ ಬರೆಯಿರಿ. ನಮ್ಮ ನಂಬರನ್ನೇ ಬೇರೆಯವನು ಹೊಸ ಸಿಮ್‌ಗೆ ಹಾಕಿಸಿಕೊಂಡರೆ ಅದರಲ್ಲಿ ನಮ್ಮದೇನು ತಪ್ಪು?

ಕೋಡ್_ಬರೆಯೋ_ಹಾಸನದವ

ಏನೂ ಇಲ್ಲ. ಅದು ಪೂರ್ತಿ ಮೊಬೈಲ್ ಕಂಪನಿ ಅಂಗಡಿಯ ಕೆಲಸ. 2024ರ ಜುಲೈ 1ರಿಂದ ಸಿಮ್ ಬದಲಿಸಿದ ಏಳು ದಿನದೊಳಗೆ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡುವ ಹಾಗಿಲ್ಲ ಅಂತ ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮ ಮಾಡಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಸ್ಟಾರ್ ಒತ್ತಿ ನಂಬರ್ ಹಾಕಿದರೆ ಕಾಲ್ ಫಾರ್ವರ್ಡ್ ಆಗುತ್ತಿದ್ದದ್ದನ್ನೂ ನಿಲ್ಲಿಸಿದರು. ಬ್ಯಾಂಕ್‌ಗಳ ವೆಬ್‌ಸೈಟ್ ವಿಳಾಸಗಳೆಲ್ಲ ಡಾಟ್ ಬ್ಯಾಂಕ್ ಡಾಟ್ ಇನ್ ಅಂತ ಮುಗಿಯುವಂತೆ ಮಾಡಲು ಆರ್‌ಬಿಐ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಇವೆಲ್ಲ ಮೇಲಿನವರೇ ಮಾಡಬೇಕಾದ ರಿಪೇರಿ. ನೀವು ನಾವು ಎಷ್ಟು ಹುಷಾರಾಗಿದ್ದರೂ ಮಾಡಲು ಆಗದ್ದು.

ಗಿರಿ_ಬದಿಯವ (ಚಿಕ್ಕಮಗಳೂರು)

ನಾನು ಈ ಚರ್ಚೆ ಶುರು ಮಾಡಲು ಒಂದು ಸ್ವಂತ ಕಾರಣವೂ ಇದೆ. ನಮ್ಮದು ಚಿಕ್ಕ ಹೋಂಸ್ಟೇ. ಬುಕಿಂಗ್ ಎಲ್ಲ ಬರುವುದು ಒಂದು ಫೋಟೊ ಆ್ಯಪ್‌ನ ಪೇಜ್‌ನಿಂದ. ಎರಡು ಹಂತದ ಪರಿಶೀಲನೆ ಹಾಕಿದ್ದೆವು. ಆದರೂ ಒಂದು ರಾತ್ರಿ ಪೇಜ್ ಕೈತಪ್ಪಿತು. ಫೋಟೊಗಳು ನಮ್ಮವೇ, ಹೆಸರು ನಮ್ಮದೇ, ಅಡ್ವಾನ್ಸ್ ಹಾಕಬೇಕಾದ ನಂಬರ್ ಮಾತ್ರ ಬೇರೆ. ಉದ್ದ ರಜೆ ಬಂತು. ಬೆಂಗಳೂರಿನಿಂದ ಮುಳ್ಳಯ್ಯನಗಿರಿ ನೋಡಲು ಬಂದ ಎರಡು ಕುಟುಂಬ ಹಣ ಕಟ್ಟಿದ್ದೇವೆ ಅಂತ ಗೇಟಿನಲ್ಲಿ ನಿಂತವು. ಕೋಣೆ ಖಾಲಿ ಇಲ್ಲ, ಮಕ್ಕಳು ಅಳುತ್ತಿವೆ.

ಕಂಪನಿಗೆ ಬರೆದೆವು. ಉತ್ತರ ಕೊಟ್ಟದ್ದು ಯಂತ್ರ. ಮುಖದ ಸೆಲ್ಫಿ ವಿಡಿಯೊ ಕಳಿಸಿ, ಪೇಜ್‌ನಲ್ಲಿರುವ ಫೋಟೊಗೆ ಹೋಲಿಸಿ ನೋಡುತ್ತೇವೆ ಅಂದಿತು. ಪೇಜ್‌ನಲ್ಲಿ ಇರುವುದು ಬರೀ ಮನೆ, ತೋಟ, ನೀರ್‌ದೋಸೆ. ನನ್ನ ಮುಖ ಎಲ್ಲಿಂದ ಬರಬೇಕು? ಫೋನ್ ಮಾಡಲು ಒಂದು ನಂಬರ್ ಇಲ್ಲ. ಹೇಗೆ ಹೋಯಿತು ಅಂತ ಇವತ್ತಿನವರೆಗೂ ಅವರು ಹೇಳಿಲ್ಲ.

ಕೋಡ್_ಬರೆಯೋ_ಹಾಸನದವ

ಎರಡು ಹಂತ ಇದ್ದೂ ಹೋಗಿದೆ ಅಂದರೆ ಲಾಗಿನ್ ಆಗಿರುವ ಕುಕೀಯನ್ನೇ (ನೀವು ಆಗಲೇ ಲಾಗಿನ್ ಆಗಿದ್ದೀರಿ ಅಂತ ಬ್ರೌಸರ್ ಇಟ್ಟುಕೊಳ್ಳುವ ಗುರುತು) ಯಾರೋ ಎತ್ತಿರಬಹುದು. ನಕಲಿ ಸಾಫ್ಟ್‌ವೇರ್ ಅಥವಾ ಬ್ರೌಸರ್ ಎಕ್ಸ್‌ಟೆನ್ಷನ್ ಇದ್ದರೆ ಸಾಕು. ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಬುಕಿಂಗ್ ನೋಡುವ ಕಂಪ್ಯೂಟರನ್ನು ಒಮ್ಮೆ ಪೂರ್ತಿ ತಪಾಸಣೆ ಮಾಡಿಸಿ. ಹೊಸ ದೇಶದಿಂದ ಬಂದು ಇಮೇಲು, ಫೋನು ಎರಡನ್ನೂ ಒಂದೇ ಗಂಟೆಯಲ್ಲಿ ಬದಲಿಸಿದರೆ ತಡೆದು ಕೇಳಬೇಕಾದ್ದು ಮಾತ್ರ ಕಂಪನಿ.

ಆಲೂರು_ಕಾಫಿ

ದುಡ್ಡು ಕೊಟ್ಟು ಜಾಹೀರಾತು ಹಾಕಿಸುವಾಗ ಮಾತ್ರ ಅದೇ ಕಂಪನಿಯಿಂದ ಮನುಷ್ಯರೇ ಫೋನ್ ಮಾಡುತ್ತಾರೆ. ಗಮನಿಸಿದ್ದೀರಾ?

ನಿವೃತ್ತ_ಕ್ಯಾಷಿಯರ್ (ಹಾಸನ)

ಗಿರಿ ಅವರೇ, ಆ ಕುಟುಂಬದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರಾ? ಬೇಗ ಮಾಡಿದರೆ ಹಣ ಕಳ್ಳನ ಖಾತೆಯಲ್ಲೇ ಇದ್ದಾಗ ತಡೆಹಿಡಿಯಬಹುದು. ಹಣ ಖಾತೆಯಿಂದ ಖಾತೆಗೆ ಹಾರಿ ಎಟಿಎಂನಿಂದ ಹೊರಬಂದ ಮೇಲೆ ಕಷ್ಟ. ಎರಡೂ ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ, ಅಲ್ಲೂ ದೂರು ಕೊಡಬಹುದು. ಯಾರ ತಪ್ಪು ಅನ್ನುವ ವಾದ ಆಮೇಲೆ ಮಾಡೋಣ, ಮೊದಲು ಆ ಫೋನ್.

ಗಿರಿ_ಬದಿಯವ (ಚಿಕ್ಕಮಗಳೂರು)

ಒಂದು ಕುಟುಂಬ ಗೇಟಿನಲ್ಲೇ ನಿಂತು ಮಾಡಿತು. ಅವರ ಹಣ ಸ್ವಲ್ಪ ತಡೆಯಲು ಆಯಿತಂತೆ. ಇನ್ನೊಬ್ಬರು ನಮ್ಮ ಮೇಲೆ ಕೆಟ್ಟ ರಿವ್ಯೂ ಬರೆದು ಹೋದರು.

ಸುಮ್ನೆ_ಬಂದೆ

ಹೊಸ ಡೇಟಾ ಕಾಯ್ದೆ ಬಂದಿದೆಯಲ್ಲ, 250 ಕೋಟಿ ದಂಡ ಅಂತ ಓದಿದೆ. ಹಾಕಿಸಿ ಕಂಪನಿಗೆ!

ಅರಸೀಕೆರೆ_ವಕೀಲೆ

2023ರ ಕಾಯ್ದೆ. ಮಾಹಿತಿ ಕಾಪಾಡಲು ತಕ್ಕ ಕ್ರಮ ತೆಗೆದುಕೊಳ್ಳದ ಕಂಪನಿಗೆ 250 ಕೋಟಿವರೆಗೆ ದಂಡ, ನಿಜ. ಆದರೆ ಆ ಹಣ ಹೋಗುವುದು ಸರ್ಕಾರದ ಖಜಾನೆಗೆ. ಗೇಟಿನಲ್ಲಿ ನಿಂತ ಕುಟುಂಬಕ್ಕಲ್ಲ. ಐಟಿ ಕಾಯ್ದೆಯ 43ಎ ಕಲಂನಲ್ಲಿ ನಷ್ಟವಾದವನಿಗೆ ಪರಿಹಾರ ಕೇಳುವ ದಾರಿ ಇತ್ತು. ಅದನ್ನು ತೆಗೆದುಹಾಕಲು ಹೊಸ ಕಾಯ್ದೆಯಲ್ಲೇ ಬರೆದಿದ್ದಾರೆ. ಕಂಪನಿಯ ಹೊಣೆ ಹೆಚ್ಚಿತು ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು. ಹಣ ಯಾರ ಜೇಬಿಗೆ ಅಂತ ನೋಡಿದವರು ಕಡಿಮೆ.

ಆಲೂರು_ಕಾಫಿ

ಎಲ್ಲ ಓದಿದ ಮೇಲೆ ಒಂದು ಮಾತು. ಬೆರಳಚ್ಚಿನ ವಿಷಯ ಯಾರೂ ಎತ್ತಲಿಲ್ಲ. ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳು, ಇಷ್ಟಿದ್ದರೆ ಎಇಪಿಎಸ್‌ನಲ್ಲಿ (ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆ) ಹಣ ಬರುತ್ತದೆ. ಪಿನ್ ಇಲ್ಲ, ಓಟಿಪಿ ಇಲ್ಲ. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಹೀಗೆ ಹಣ ಹೋಯಿತು. ನೋಂದಣಿ ಪತ್ರದಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿದ್ದರು. ತೋಟ ಭಾಗ ಮಾಡಿಕೊಂಡವರು ನಾವೂ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿದ್ದೇವೆ. ಕ್ಯಾಷಿಯರ್ ಸಾರ್, ಇಲ್ಲಿ ಗ್ರಾಹಕನ ಪಾಲು ಎಷ್ಟು? ಪಾಸ್‌ವರ್ಡಾದರೆ ಬದಲಿಸಬಹುದು. ಬೆರಳು?

ನಿವೃತ್ತ_ಕ್ಯಾಷಿಯರ್ (ಹಾಸನ)

ಇಲ್ಲಿ ಗ್ರಾಹಕನ ಪಾಲು ಇಲ್ಲ. ಒಪ್ಪಿದೆ. ಆಧಾರ್ ಜೋಡಿಸಿದ ಖಾತೆಗೆ ಕೇಳದೆಯೇ ಆ ಸೌಲಭ್ಯ ತೆರೆದಿಟ್ಟದ್ದು ಸರಿಯಲ್ಲ. ಬೇಕು ಅಂದವರಿಗೆ ಕೊಡಬೇಕಿತ್ತು.

ಕಡೂರು_ಮೇಡಂ

ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು ಅಂತ ಎಲ್ಲರೂ ಹೇಳುತ್ತಾರೆ. ನಮ್ಮತ್ತೆಯದು ಮಾಡಿದೆ. ಮುಂದಿನ ತಿಂಗಳು ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ತೆಗೆದುಕೊಳ್ಳಲಿಲ್ಲ, ಅಕ್ಕಿ ಇಲ್ಲದೆ ವಾಪಸ್ ಬಂದರು. ಈಗ ಪ್ರತಿ ಸಲ ನಾನು ಸ್ಕೂಲಿನಿಂದ ಓಟಿಪಿ ನೋಡಿ ಅನ್‌ಲಾಕ್ ಮಾಡಬೇಕು. ಅವರ ಪಿಂಚಣಿಯೂ ಊರಿನ ಬ್ಯಾಂಕ್ ಮಿತ್ರನ ಹತ್ತಿರ ಬೆರಳು ಕೊಟ್ಟೇ ಬರುವುದು. ಏನು ಮಾಡಲಿ?

ನಿವೃತ್ತ_ಕ್ಯಾಷಿಯರ್ (ಹಾಸನ)

ಎರಡು ಖಾತೆ ಮಾಡಿ. ಪಿಂಚಣಿ ಬರುವ ಖಾತೆಗೆ ಮಾತ್ರ ಎಇಪಿಎಸ್ ಇರಲಿ, ಅದರಲ್ಲಿ ಜಾಸ್ತಿ ಹಣ ನಿಲ್ಲಿಸಬೇಡಿ. ಉಳಿತಾಯ, ಎಫ್‌ಡಿ ಇನ್ನೊಂದು ಬ್ಯಾಂಕಿನಲ್ಲಿ ಇರಲಿ, ಅಲ್ಲಿ ಎಇಪಿಎಸ್ ಬೇಡ ಅಂತ ಅರ್ಜಿ ಕೊಡಿ. ಕೆಲವು ಬ್ಯಾಂಕ್‌ಗಳು ಕೇಳಿದರೆ ನಿಲ್ಲಿಸುತ್ತವೆ.

ಕಡೂರು_ಮೇಡಂ

ಅವರು ಆ ಫಾರಂ ಇಲ್ಲವೇ ಇಲ್ಲ ಅಂದರೆ?

ಅರಸೀಕೆರೆ_ವಕೀಲೆ

ಬಿಳಿ ಹಾಳೆಯಲ್ಲೇ ಬರೆದು ಕೊಡಿ, ಇನ್ನೊಂದು ಪ್ರತಿಗೆ ದಿನಾಂಕ ಹಾಕಿದ ಸೀಲ್ ಒತ್ತಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕ್‌ಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು, ಶುಲ್ಕ ಇಲ್ಲ. ಅರ್ಜಿಯ ನಮೂನೆ ಇವತ್ತು ರಾತ್ರಿ ಇಲ್ಲೇ ಹಾಕುತ್ತೇನೆ.

ಮಳೆ_ಕೊಪ್ಪ

ಹಾಕಿ ಮೇಡಂ, ನನಗೂ ಬೇಕು. ನಾಳೆ ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡಿಕೊಳ್ಳುತ್ತೇನೆ.